ಗಟ್ಟಿಗೆರೆ, ಚುಕ್ಕಿಗೆರೆ

ಜಾಶುವಾ ಸ್ಲೋಕಮ್ ಬರೆದ 'ಸೇಲಿಂಗ್ ಅಲೋನ್ ಅರೌಂಡ್ ದಿ ವರ್ಲ್ಡ್' ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಮೊದಲ ಎರಡು ಸಲ ಕತೆಗಾಗಿ. ಮೂರನೆಯ ಸಲ ಅಳತೆಗಾಗಿ. ಅವನ 'ಸ್ಪ್ರೇ' ಎಂಬ ಹಾಯಿದೋಣಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಸಿಮ್ಯುಲೇಟರಿನ ಸಮುದ್ರದಲ್ಲಿ ತೇಲಿಬಿಡಬೇಕು ಎಂಬ ಹುಚ್ಚು ಹತ್ತಿದ್ದರಿಂದ ಆ ಮೂರನೆಯ ಓದು ನಡೆಯಿತು. ದೋಣಿ ಈಗ ತೇಲುತ್ತಿದೆ. ಆದರೆ ಈ ಬರಹ ದೋಣಿಗಿಂತ ಹೆಚ್ಚಾಗಿ ಪುಸ್ತಕದ ಕುರಿತದ್ದು. ಅಳತೆ ಹುಡುಕುತ್ತ ಓದಿದಾಗ, ಎರಡು ಸಲ ಓದಿಯೂ ಕಾಣದೇ ಹೋಗಿದ್ದ ಕೆಲವು ಸಂಗತಿಗಳು ಕಂಡವು.

ಪುಸ್ತಕ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ಲೋಕಮ್ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕೋಶಿಯಾದಲ್ಲಿ. ದೊಡ್ಡ ಹಾಯಿಹಡಗುಗಳ ಕ್ಯಾಪ್ಟನ್ ಆಗಿದ್ದವನು. ಉಗಿಹಡಗುಗಳು ಬಂದು ಆ ಕಸುಬು ಮುಳುಗುತ್ತಿದ್ದ ಕಾಲದಲ್ಲಿ, ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್ ಎಂಬ ಊರಿನಲ್ಲಿ ಪರಿಚಯದ ಕ್ಯಾಪ್ಟನ್ನೊಬ್ಬ ಅವನಿಗೆ ಒಂದು ಹಳೆಯ ದೋಣಿ ಕೊಟ್ಟ. ಅದು ನೀರು ಬಿಟ್ಟು ಎಷ್ಟೋ ವರ್ಷವಾಗಿ, ಹೊಲದಲ್ಲಿ ಆನಿಕೆ ಕೊಟ್ಟು ನಿಲ್ಲಿಸಿದ್ದ ಒಂದು ಅವಶೇಷ. ಸ್ಲೋಕಮ್ ಓಕ್ ಮರ ಕಡಿದು ತಂದು, 13 ತಿಂಗಳು ಕೂತು ಅದನ್ನು ಕಟ್ಟಿದ. ಸಾಮಗ್ರಿಗೆ ತಗುಲಿದ ಖರ್ಚು 553 ಡಾಲರ್ 62 ಸೆಂಟ್. 1895ರ ಏಪ್ರಿಲ್ 24ರಂದು ಬಾಸ್ಟನ್‌ನಿಂದ ಒಬ್ಬನೇ ಹೊರಟು, 1898ರ ಜೂನ್ 27ರಂದು ನ್ಯೂಪೋರ್ಟ್‌ಗೆ ಮರಳಿದ. 46,000 ಮೈಲಿ. ಹಾಗೆ ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗನೆಂದು ಚರಿತ್ರೆ ಅವನನ್ನು ಗುರುತಿಸುತ್ತದೆ. ಪುಸ್ತಕ 1900ರಲ್ಲಿ ಬಂತು.

ಕಟ್ಟುವ ಕೆಲಸವನ್ನು ಹೇಳುವ ಮೊದಲ ಅಧ್ಯಾಯದಲ್ಲೇ ವಿಮರ್ಶಕನಿಗೆ ಬೇಕಾದ ಪ್ರಶ್ನೆ ಇದೆ. ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತ, ಪಕ್ಕೆಲುಬು ತೆಗೆದು ಹೊಸದು ಹಾಕುತ್ತ ಹೋದರೆ, ಕೊನೆಗೆ ಉಳಿಯುವುದು ಹಳೆಯ ದೋಣಿಯೋ ಹೊಸದೋ? ಹಡಗಿನ ಕಾನೂನಿನ ಪ್ರಕಾರ ಹೆಸರು ಹಳೆಯದೇ ಎಂದು ಸ್ಲೋಕಮ್ ನಗುತ್ತ ಹೇಳಿ ಮುಂದೆ ಹೋಗುತ್ತಾನೆ. ಹಳೆಯದು ಸತ್ತದ್ದು ಯಾವ ಗಳಿಗೆ, ಹೊಸದು ಹುಟ್ಟಿದ್ದು ಯಾವ ಗಳಿಗೆ ಎನ್ನುವುದು ಅವನಿಗೂ ತಿಳಿಯಲಿಲ್ಲ. ಗ್ರಂಥಸಂಪಾದನೆಯ ಪಾಠ ಕೇಳಿದ ಕನ್ನಡ ವಿದ್ಯಾರ್ಥಿಗೆ ಇದು ಪರಿಚಿತ ತೊಡಕು. ಓಲೆಗರಿ ಪ್ರತಿ ಮಾಡುತ್ತ ಮಾಡುತ್ತ ಕವಿಯ ಪಾಠ ಎಲ್ಲಿ ಮುಗಿಯಿತು, ಲಿಪಿಕಾರನ ಪಾಠ ಎಲ್ಲಿ ಶುರುವಾಯಿತು ಎಂದು ನಾವೂ ತಲೆ ಕೆಡಿಸಿಕೊಂಡಿದ್ದೇವೆ.

ನನ್ನ ಕೆಲಸವೂ ಪ್ರತಿ ಮಾಡುವುದೇ. ಪುಸ್ತಕದ ಅನುಬಂಧದಲ್ಲಿ ದೋಣಿಯ ರೇಖಾಚಿತ್ರಗಳಿವೆ. ಕಟ್ಟುವಾಗ ಸ್ಲೋಕಮ್ ಮುಂದೆ ಕಾಗದದ ನಕ್ಷೆಯೇನೂ ಇರಲಿಲ್ಲ, ಹಳೆಯ ದೋಣಿಯೇ ನಕ್ಷೆ. ಯಾನ ಮುಗಿದ ಮೇಲೆ, ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ದೋಣಿಯನ್ನು ನೀರಿನಿಂದ ಮೇಲಕ್ಕೆತ್ತಿ ಅಳೆದು ಗೆರೆ ಎಳೆದರು. ಉದ್ದ 36 ಅಡಿ 9 ಇಂಚು, ಅಗಲ 14 ಅಡಿ 2 ಇಂಚು. ಆ ಚಿತ್ರಗಳಲ್ಲಿ ದೋಣಿಯನ್ನು ಪಕ್ಕದಿಂದ, ಮೇಲಿನಿಂದ, ಎದುರಿನಿಂದ ಹೀಗೆ ಮೂರು ನೋಟದಲ್ಲಿ ಬಿಡಿಸಿದ್ದಾರೆ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಆ ಮೂರನ್ನೂ ಒಂದಕ್ಕೊಂದು ಲಂಬವಾಗಿ ನಿಲ್ಲಿಸಿ, ನಡುವಿನ ಖಾಲಿ ಜಾಗದಲ್ಲಿ ಬಿಂದುಗಳನ್ನಿಟ್ಟು, ಬಿಂದುಗಳ ಮೇಲೆ ಬಲೆಯಂತೆ ಮೈ ಹೊದಿಸಬೇಕು. ಮೂರು ನೋಟಗಳು ಎಲ್ಲ ಕಡೆಯೂ ಒಪ್ಪುವುದಿಲ್ಲ. ಮುದ್ರಣದ ಗೆರೆಯ ದಪ್ಪವೇ ಒಂದೆರಡು ಇಂಚಾಗಿಬಿಡುತ್ತದೆ. ಒಪ್ಪದ ಕಡೆ ನಾನೇ ತೀರ್ಮಾನಿಸಬೇಕು. ಬಡಗಿ ಹಲಗೆಯ ಮೇಲೆ ಕೈಯಾಡಿಸಿ ಉಬ್ಬುತಗ್ಗು ಸರಿಮಾಡುವ ಹಾಗೆ, ನಾನು ಪರದೆಯ ಮೇಲೆ ಬೆಳಕು ಹಾಯಿಸಿ ಮೈ ನಯವಾಗುವವರೆಗೆ ಬಿಂದುಗಳನ್ನು ಸರಿಸಿದೆ.

ಹಾಯಿಗಳ ಚಿತ್ರಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ಎರಡು ದೋಣಿಗಳಿವೆ. ಬಾಸ್ಟನ್‌ನಿಂದ ಹೊರಟು ಜಿಬ್ರಾಲ್ಟರ್‌ವರೆಗೆ, ಅಲ್ಲಿಂದ ಬ್ರೆಜಿಲ್‌ವರೆಗೆ ಹೋದಾಗಿನ ಹಾಯಿಗಳು ಗಟ್ಟಿಗೆರೆಯಲ್ಲಿವೆ. ದಕ್ಷಿಣ ಅಮೆರಿಕದಲ್ಲಿ ಮರಗಳನ್ನು ಕುಗ್ಗಿಸಿ, ಹಿಂಭಾಗದಲ್ಲಿ ಒಂದು ಸಣ್ಣ ಹಾಯಿ ಸೇರಿಸಿದ ಮೇಲಿನ ರೂಪ ಚುಕ್ಕಿಗೆರೆಯಲ್ಲಿದೆ. ಒಂದೇ ಪುಟದಲ್ಲಿ ಮೂಲಪಾಠವೂ ಪಾಠಾಂತರವೂ. ಕಾಗದದ ಮೇಲೆ ಎರಡನ್ನೂ ಒಟ್ಟಿಗೆ ಇಡಬಹುದು. ಸಿಮ್ಯುಲೇಟರಿಗೆ ಒಂದೇ ಬೇಕು. ಚುಕ್ಕಿಗೆರೆಯ ಕೂವೆಮರಕ್ಕೆ ಗಾಳಿ ಹಿಡಿಯುವುದಿಲ್ಲ.

ನಾನು ಚುಕ್ಕಿಗೆರೆಯನ್ನು ಆರಿಸಿದೆ. ಯಾನದ ಬಹುಪಾಲು ನಡೆದದ್ದು ಆ ರೂಪದಲ್ಲಿ. ಆಗ ಕೂವೆಮರವನ್ನು ಎಷ್ಟು ಕುಗ್ಗಿಸಿದ, ಎಲ್ಲಿ ಕುಗ್ಗಿಸಿದ ಎಂದು ಪುಸ್ತಕಕ್ಕೆ ಮರಳಬೇಕಾಯಿತು. ಬ್ಯೂನಸ್ ಐರಿಸ್ ಬಂದರಿನಲ್ಲಿ, 1896ರ ಜನವರಿಯಲ್ಲಿ, 7 ಅಡಿ. ಮುಂದಕ್ಕೆ ಚಾಚಿದ ಮರವನ್ನು ಸುಮಾರು 5 ಅಡಿ. ಅಂಕಿ ಬರೆದುಕೊಂಡೆ. ಬರೆದುಕೊಂಡ ಮೇಲೆ ಆ ಊರಿನ ಹೆಸರು ಬೇರೆಲ್ಲೋ ಓದಿದ್ದು ನೆನಪಾಯಿತು.

ಸ್ಲೋಕಮ್‌ನ ಮೊದಲ ಹೆಂಡತಿ ವರ್ಜೀನಿಯಾ. 1871ರಲ್ಲಿ ಸಿಡ್ನಿಯಲ್ಲಿ ಅವರ ಮದುವೆಯಾಯಿತು. ಅಲ್ಲಿಂದ ಆಕೆ ಬದುಕಿದ್ದು ಅವನ ಹಡಗುಗಳ ಮೇಲೆ, ಮಕ್ಕಳನ್ನು ಹೆತ್ತದ್ದು ಸಾಕಿದ್ದು ಹಡಗಿನಲ್ಲಿ. 1884ರಲ್ಲಿ ಆಕೆ ತೀರಿಕೊಂಡದ್ದು ಬ್ಯೂನಸ್ ಐರಿಸ್‌ನಲ್ಲಿ. ಮಣ್ಣಾದದ್ದೂ ಅಲ್ಲೇ. ಹನ್ನೆರಡು ವರ್ಷ ಬಿಟ್ಟು ಅವನು ಒಬ್ಬನೇ ಆ ಊರಿಗೆ ಬರುತ್ತಾನೆ. ಆ ಅಧ್ಯಾಯವನ್ನು ಮತ್ತೆ ಓದಿದೆ. ಊರಿನ ಹಳೆಯ ಪರಿಚಯದವರ ಮಾತು ಇದೆ, ಬದಲಾದ ಬೀದಿಗಳ ಮಾತು ಇದೆ. ಹೆಂಡತಿಯ ಹೆಸರಿಲ್ಲ, ಸಮಾಧಿಯಿಲ್ಲ. ಕೂವೆಮರವನ್ನು 7 ಅಡಿ ಕತ್ತರಿಸಿದ್ದು ಇದೆ.

ಮೊದಲ ಎರಡು ಓದಿನಲ್ಲಿ ನಾನು ಇದನ್ನು ತಾಂತ್ರಿಕ ವಿವರವೆಂದು ದಾಟಿಹೋಗಿದ್ದೆ. ಅವನ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಅಧಿಕಾರ ನನಗಿಲ್ಲ. ಆ ಮರ ಕತ್ತರಿಸಿದ್ದಕ್ಕೆ ಕೇಪ್ ಹಾರ್ನ್ ಕಡೆಯ ಬಿರುಗಾಳಿಯೇ ಸಾಕಷ್ಟು ಕಾರಣ. ಆದರೆ ಪುಸ್ತಕದ ಶೈಲಿಯ ಬಗ್ಗೆ ಒಂದು ಮಾತು ಹೇಳಬಹುದು. ಈ ನಿರೂಪಕ ಸಂಕಟ ಬಂದಾಗಲೆಲ್ಲ ತಮಾಷೆಗೆ ಅಥವಾ ಅಳತೆಗೆ ತಿರುಗುತ್ತಾನೆ. ದೋಣಿ ಎಷ್ಟು ಉದ್ದ, ಹಗ್ಗ ಎಷ್ಟು ದಪ್ಪ, ಮುಖ ಒಡೆದ ತಗಡಿನ ಗಡಿಯಾರಕ್ಕೆ ಒಂದೂವರೆ ಡಾಲರಿನಿಂದ ಒಂದು ಡಾಲರಿಗೆ ಹೇಗೆ ಚೌಕಾಸಿ ಮಾಡಿದೆ. ನಾವು ಲಘುವೆಂದು ಮೆಚ್ಚುವ ಆ ಗದ್ಯದ ಅಡಿಯಲ್ಲಿ ನಿಲುಭಾರವಿದೆ. ಸ್ಪ್ರೇ ದೋಣಿಯ ನಿಲುಭಾರವೂ ಹಾಗೆಯೇ. ಅಡಿಮರದ ಹೊರಗೆ ಸೀಸವಿಲ್ಲ, ಕಬ್ಬಿಣವಿಲ್ಲ. ಎಲ್ಲ ಭಾರವನ್ನೂ ಒಳಗೆ, ಸಿಮೆಂಟಿನಲ್ಲಿ, ಅಲುಗಾಡದಂತೆ ಬಿಗಿದು ಮುಚ್ಚಿಟ್ಟಿದ್ದಾನೆ.

ಎರಡನೆಯ ತೊಡಕು ಬಂದದ್ದು ದೋಣಿ ನೀರಿಗಿಳಿದ ಮೇಲೆ. ನಾನು ಬಳಸಿದ ಸಿಮ್ಯುಲೇಟರಿನಲ್ಲಿ ಕಣ್ಣಿಗೆ ಕಾಣುವ ದೋಣಿಯೇ ಬೇರೆ, ಗಾಳಿಗೆ ಸಿಕ್ಕುವ ದೋಣಿಯೇ ಬೇರೆ. ತಿಂಗಳುಗಟ್ಟಲೆ ಕೂತು ನಯಗೊಳಿಸಿದ ಮೈ ಬರೀ ನೋಟಕ್ಕೆ. ಚಲನೆಯನ್ನು ನಿರ್ಧರಿಸುವುದು ಪಕ್ಕದ ಒಂದು ಸಣ್ಣ ಪಠ್ಯಕಡತ. ಅದರಲ್ಲಿ ತೂಕ, ಗುರುತ್ವಕೇಂದ್ರ, ಹಾಯಿಯ ವಿಸ್ತೀರ್ಣ, ಗಾಳಿಯ ಒತ್ತಡ ಬೀಳುವ ಕೇಂದ್ರ, ನೀರು ಪಕ್ಕದಿಂದ ತಡೆಯುವ ಕೇಂದ್ರ, ಚುಕ್ಕಾಣಿಯ ಬಲ ಹೀಗೆ ಕೆಲವೇ ಅಂಕಿಗಳು. ರೂಪ ಒಂದು ಕಡೆ, ಅರ್ಥ ಒಂದು ಕಡೆ. ಸಾಹಿತ್ಯ ವಿಮರ್ಶೆಯಲ್ಲಿ ಇವೆರಡನ್ನೂ ಬೇರ್ಪಡಿಸಬಾರದೆಂದು ಕಲಿತವನಿಗೆ ಇದು ಇರಿಸುಮುರುಸು.

ಸ್ಪ್ರೇಯ ಖ್ಯಾತಿ ನಿಂತಿರುವುದು ಒಂದು ಗುಣದ ಮೇಲೆ. ಚುಕ್ಕಾಣಿ ಕಟ್ಟಿಬಿಟ್ಟರೆ ಅದು ತಾನೇ ದಿಕ್ಕು ಹಿಡಿದು ಹೋಗುತ್ತಿತ್ತು. 1897ರಲ್ಲಿ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಯನ್ನು 23 ದಿನದಲ್ಲಿ ದಾಟಿದಾಗ, ತಾನು ಚುಕ್ಕಾಣಿ ಹಿಡಿದದ್ದು ಎಲ್ಲ ಸೇರಿ ಮೂರು ಗಂಟೆ ಮೀರದು ಎನ್ನುತ್ತಾನೆ ಸ್ಲೋಕಮ್. ಉಳಿದ ಹೊತ್ತೆಲ್ಲ ಪುಸ್ತಕ ಓದು, ಅಡುಗೆ, ನಿದ್ದೆ. 1909ರಲ್ಲಿ 'ದಿ ರಡರ್' ಪತ್ರಿಕೆಯಲ್ಲಿ ಸಿ. ಆಂಡ್ರೇಡ್ ಎಂಬವರು ದೋಣಿಯ ಗೆರೆಗಳನ್ನು ಲೆಕ್ಕಹಾಕಿ, ಅದರ ಬಲಕೇಂದ್ರಗಳು ಹೆಚ್ಚುಕಡಿಮೆ ಒಂದೇ ನೇರದಲ್ಲಿ ಬೀಳುವುದೇ ಈ ಸಮತೋಲದ ಗುಟ್ಟೆಂದು ಬರೆದರು.

ನನ್ನ ಸ್ಪ್ರೇ ಹಾಗೆ ಮಾಡಲಿಲ್ಲ. ಚುಕ್ಕಾಣಿ ಕಟ್ಟಿದ ಕೆಲವೇ ನಿಮಿಷದಲ್ಲಿ ಗಾಳಿಗೆ ಮುಖ ತಿರುಗಿಸಿ, ಹಾಯಿ ಪಟಪಟ ಬಡಿದು ನಿಲ್ಲುತ್ತಿತ್ತು. ಎರಡು ವಾರ ಅಂಕಿಗಳನ್ನು ತಿದ್ದಿದೆ. ಕೊನೆಗೊಂದು ರಾತ್ರಿ, ದಿಕ್ಕು ತಪ್ಪಿದಾಗ ದೋಣಿಯನ್ನು ಮೆಲ್ಲಗೆ ಸರಿದಾರಿಗೆ ಎಳೆಯುವ ಒಂದು ಗುಣಾಂಕವನ್ನು ಬೇಕಾದಷ್ಟು ಏರಿಸಿದೆ. ದೋಣಿ ಗೆರೆ ಹಾಕಿದಂತೆ ನಡೆಯಿತು. ಆಟ ಬಲ್ಲ ಗೆಳೆಯನೊಬ್ಬನಿಗೆ ಕಳಿಸಿದೆ. "ಎಷ್ಟು ಸಲೀಸಾಗಿ ಹೋಗುತ್ತೆ ಮಾರಾಯ! ಇದರಲ್ಲಾದರೆ ನಾನೂ ಭೂಮಿ ಸುತ್ತುತ್ತಿದ್ದೆ" ಎಂದ.

ಆ ಮಾತು ಚುಚ್ಚಿತು. ಪುಸ್ತಕ ಹೇಳಿದ್ದನ್ನು ನಿಜಮಾಡಲು ನಾನು ಸಾಕ್ಷ್ಯ ಸೃಷ್ಟಿಸಿದ್ದೆ. ಪ್ರತಿಕಾರ ತನಗಿಷ್ಟವಾದ ಪದ್ಯವನ್ನು ಕವಿಯ ಹೆಸರಿನಲ್ಲಿ ಸೇರಿಸಿದ ಹಾಗೆ. ಅದಕ್ಕಿಂತ ಕೆಟ್ಟದ್ದೆಂದರೆ, ಗೆಳೆಯ ಅಂದದ್ದನ್ನೇ ನೂರು ವರ್ಷದಿಂದ ಅನೇಕರು ನಂಬಿ, ಸ್ಪ್ರೇಯ ಪ್ರತಿಗಳನ್ನು ಮರದಲ್ಲಿ ಕಟ್ಟಿಸಿ ಕಡಲಿಗೆ ಇಳಿದಿದ್ದಾರೆ. ದೋಣಿ ವಿನ್ಯಾಸಕ ಜಾನ್ ಹ್ಯಾನಾ ಇದರ ವಿರುದ್ಧ ಕಟುವಾಗಿ ಎಚ್ಚರಿಸಿದ್ದರು. ಅಗಲವಾದ, ಆಳ ಕಡಿಮೆಯ, ಭಾರವೆಲ್ಲ ಒಳಗಿರುವ ಈ ಮೈ ಸ್ವಲ್ಪ ವಾಲಿದಾಗ ಗಟ್ಟಿಯಾಗಿ ನಿಲ್ಲುತ್ತದೆ, ಬಹಳ ವಾಲಿದರೆ ಮತ್ತೆ ಏಳುವುದಿಲ್ಲ. ಸ್ಲೋಕಮ್‌ನಷ್ಟು ಅನುಭವವಿಲ್ಲದವರಿಗೆ ಇದು ಸಲ್ಲದು ಎಂಬುದು ಅವರ ವಾದ. ನನ್ನ ಸಿಮ್ಯುಲೇಟರಿನಲ್ಲಿ ಯಾವ ದೋಣಿಯೂ ಮಗುಚುವುದಿಲ್ಲ. ಆದ್ದರಿಂದ ಹ್ಯಾನಾ ಅವರ ವಿಮರ್ಶೆಗೆ ನನ್ನ ಪ್ರತಿಯಲ್ಲಿ ಜಾಗವೇ ಇರಲಿಲ್ಲ.

ಗುಣಾಂಕವನ್ನು ಹಿಂದಕ್ಕಿಳಿಸಿ, ಪುಸ್ತಕಕ್ಕೆ ಮತ್ತೆ ಹೋದೆ. ದೋಣಿ ತಾನೇ ಹೋಯಿತು ಎನ್ನುವ ವಾಕ್ಯಗಳನ್ನು ಬಿಟ್ಟು, ಅವುಗಳ ಅಕ್ಕಪಕ್ಕದ ವಾಕ್ಯಗಳನ್ನು ಓದಿದೆ. ಹಾಯಿಯ ಹಗ್ಗ ಒಂದಿಷ್ಟು ಸಡಿಲಿಸಿದ್ದು, ಮುಂದಿನ ಹಾಯಿಯನ್ನು ಬಿಗಿದದ್ದು, ಚುಕ್ಕಾಣಿಯನ್ನು ನಡುವಿನಿಂದ ಸ್ವಲ್ಪ ಆಚೆ ಕಟ್ಟಿದ್ದು, ಗಾಳಿ ಬಿದ್ದ ಹಾಗೆ ಅದನ್ನು ತಿದ್ದಿದ್ದು. ಒಂದೊಂದೂ ಅರ್ಧ ಸಾಲು. ಬಾಲ್ಯದಿಂದ ಕಡಲಲ್ಲಿದ್ದವನಿಗೆ ಇವು ಕೆಲಸವೆಂದೇ ಅನ್ನಿಸಿಲ್ಲ. ನಾವು ಉಸಿರಾಡಿದ್ದನ್ನು ದಿನಚರಿಯಲ್ಲಿ ಬರೆಯುತ್ತೇವೆಯೇ? ಮೂರು ಗಂಟೆ ಎಂಬುದು ಚುಕ್ಕಾಣಿಗೆ ಕೈಯಿಟ್ಟ ಲೆಕ್ಕ. ದೋಣಿಯ ಕಡೆ ಕಿವಿಯಿಟ್ಟ ಲೆಕ್ಕ ಅದರಲ್ಲಿಲ್ಲ. ಅರ್ಧ ಸಾಲುಗಳಲ್ಲಿ ಹೇಳಿದಂತೆ ಹಗ್ಗಗಳನ್ನು ಹೊಂದಿಸುತ್ತ ಹೋದಾಗ ನನ್ನ ಸ್ಪ್ರೇ ಕಾಲು ಗಂಟೆ, ಆಮೇಲೆ ಅರ್ಧ ಗಂಟೆ ದಾರಿ ಹಿಡಿಯಿತು. 23 ದಿನವಲ್ಲ. ಆದರೆ ಆ ಅರ್ಧ ಗಂಟೆ ನಿಜದ್ದು.

ಇದರಿಂದ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. ಇದು ಅದ್ಭುತ ದೋಣಿಯ ಕತೆಯೆಂದು ತಿಳಿದಿದ್ದೆ. ನುರಿತ ಕೈಯೊಂದು ತನ್ನ ನುರಿತವನ್ನೆಲ್ಲ ದೋಣಿಯ ಲೆಕ್ಕಕ್ಕೆ ಬರೆದುಕೊಟ್ಟ ಕತೆ ಎಂದು ಈಗ ಓದುತ್ತೇನೆ. ಅದು ವಿನಯವೂ ಹೌದು, ಒಂದು ಬಗೆಯ ಮರೆಮಾಚುವಿಕೆಯೂ ಹೌದು.

ಮಾದರಿ ಕಟ್ಟಿದ್ದರಿಂದ ಕಂಡ ಇನ್ನೊಂದು ಮರೆಯನ್ನೂ ಹೇಳಬೇಕು. ಮೆಗಲನ್ ಜಲಸಂಧಿಯಲ್ಲಿ ರಾತ್ರಿ ಮಲಗುವ ಮುನ್ನ ಸ್ಲೋಕಮ್ ಅಟ್ಟದ ಮೇಲೆ ಸಣ್ಣ ಮೊಳೆಗಳನ್ನು ಚೆಲ್ಲುತ್ತಾನೆ. ಬರಿಗಾಲಲ್ಲಿ ಏರಿ ಬಂದ ಅಲ್ಲಿನ ಮೂಲನಿವಾಸಿಗಳು ಕಿರುಚಿ ನೀರಿಗೆ ಹಾರುತ್ತಾರೆ. ಪುಸ್ತಕದ ಅತಿ ಪ್ರಸಿದ್ಧ ಹಾಸ್ಯಪ್ರಸಂಗ ಇದು. ಅಟ್ಟದ ಹಲಗೆಗಳನ್ನು ಒಂದೊಂದಾಗಿ ಜೋಡಿಸುವಾಗ, ಮೊಳೆ ಎಲ್ಲೆಲ್ಲಿ ಬಿದ್ದಿದ್ದವು ಎಂದು ಯೋಚಿಸಿದೆ. ಆಗ ಮೊದಲ ಬಾರಿ ನನಗೆ ಕಾಲುಗಳು ಕಂಡವು. ಅದೇ ದಶಕಗಳಲ್ಲಿ ಆ ದ್ವೀಪಗಳ ಜನ ವಲಸಿಗರ ಬಂದೂಕಿಗೆ, ಹೊರಗಿನ ರೋಗಗಳಿಗೆ ಸಿಕ್ಕು ಅಳಿಯುತ್ತಿದ್ದರು. 'ಅಲೋನ್' ಎಂಬ ಶೀರ್ಷಿಕೆಯ ಪದ ಅವರನ್ನು ಲೆಕ್ಕದಿಂದ ಬಿಡುತ್ತದೆ. ಆದರೂ ಸ್ಲೋಕಮ್ ಅವರನ್ನು ಕತೆಯಲ್ಲಿ ತಂದಿದ್ದಾನೆ, ಅನ್ಯಾಯವಾಗಿಯಾದರೂ. ನನ್ನ ಸಿಮ್ಯುಲೇಟರಿನ ಕಡಲು ಇನ್ನೂ ಸ್ವಚ್ಛ. ಅಲ್ಲಿ ಯಾರೂ ಇಲ್ಲ. ಸೇಂಟ್ ಹೆಲೆನಾದಲ್ಲಿ ಹತ್ತಿಸಿಕೊಂಡು, ವೆಸ್ಟ್ ಇಂಡೀಸ್‌ನ ನಕ್ಷೆಯನ್ನೇ ತಿಂದುಹಾಕಿದ ಆ ಆಡು ಕೂಡ ಇಲ್ಲ.

ಸ್ಲೋಕಮ್ ಕೊನೆಗೆ ಇದೇ ದೋಣಿಯಲ್ಲಿ, ಮಾರ್ಥಾಸ್ ವಿನ್ಯಾರ್ಡ್ ದ್ವೀಪದಿಂದ ಒಬ್ಬನೇ ದಕ್ಷಿಣಕ್ಕೆ ಹೊರಟವನು ಮರಳಲಿಲ್ಲ. ಒಂದು ಹಲಗೆಯೂ ಸಿಗಲಿಲ್ಲ. 1924ರಲ್ಲಿ ಕಾನೂನು ಅವನನ್ನು ಮೃತನೆಂದು ಘೋಷಿಸಿತು. ಹೀಗಾಗಿ ನಮಗೆ ಉಳಿದಿರುವುದು ಪುಸ್ತಕ, ಕೆಲವು ಛಾಯಾಚಿತ್ರ, ಆ ಗೆರೆಗಳು.

ನನ್ನ ಮಾದರಿಯ ಜೊತೆ ಈಗ ಒಂದು ಪುಟದ ಟಿಪ್ಪಣಿ ಇಟ್ಟಿದ್ದೇನೆ. ಯಾವ ಅಳತೆ ನಕ್ಷೆಯದು, ಯಾವುದು ನನ್ನ ಊಹೆಯದು, ಈ ದೋಣಿ ಇಲ್ಲಿ ಮಗುಚುವುದಿಲ್ಲ ಆದರೆ ನಿಜದಲ್ಲಿ ಮಗುಚಬಲ್ಲದು ಎಂದು ಅದರಲ್ಲಿ ಬರೆದಿದೆ. ಗೆಳೆಯನಿಗೆ ತಿದ್ದಿದ ದೋಣಿ ಕಳಿಸಿದೆ. "ಇದು ಮೊದಲಿನಷ್ಟು ಚೆನ್ನಾಗಿಲ್ಲ, ಸುಮ್ಮನೆ ಕೂರೋಕೆ ಬಿಡಲ್ಲ" ಎಂದ. ಪುಸ್ತಕ ಓದಿದ್ದೀಯಾ ಎಂದು ಕೇಳಿದೆ. ಇಲ್ಲವಂತೆ. ಕೊಟ್ಟಿದ್ದೇನೆ. ಬ್ಯೂನಸ್ ಐರಿಸ್‌ನ ಅಧ್ಯಾಯಕ್ಕೆ ಗುರುತಿನ ಚೀಟಿಯೇನೂ ಇಟ್ಟಿಲ್ಲ.