ಫೈಲ್ ಬಂತು, ಅಕ್ಷರ ಬರಲಿಲ್ಲ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಎಳ್ಳುನೀರು ಬಿಟ್ಟಿತು. ಅಂದಿನಿಂದ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಕಂಪ್ಯೂಟರುಗಳು ಮೂಲೆ ಸೇರುತ್ತಿವೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದಾದರೂ ಆಗಿರಬೇಕು. ಹಾಗಾಗಿ ಜನ ಹೊಸದನ್ನು ಕೊಳ್ಳುತ್ತಾರೆ, ಅಂಗಡಿಯ ಹುಡುಗ ಬಿಲ್ಲಿನ ಜೊತೆಗೆ ಒಂದು ಭರವಸೆಯನ್ನೂ ಕೊಡುತ್ತಾನೆ: “ಹಳೇ ಡೇಟಾ ನಾನೇ ಹಾಕ್ಕೊಡ್ತೀನಿ ಸಾರ್.”

ಹಾಕಿಯೂ ಕೊಡುತ್ತಾನೆ. ಡಿ ಡ್ರೈವ್ ಪೂರ್ತಿ, ಡಾಕ್ಯುಮೆಂಟ್ಸ್, ನೆನಪಾದರೆ ಡೆಸ್ಕ್‌ಟಾಪ್. ಮಕ್ಕಳ ಫೋಟೊ, ತೆರಿಗೆಯ ಪಿಡಿಎಫ್, ಒಂದೆರಡು ಸಿನಿಮಾ ಇರುವ ಮನೆಗೆ ಅಷ್ಟು ಸಾಕು. ಆದರೆ ಇಪ್ಪತ್ತು ವರ್ಷಗಳ ಹಿಂದೆ ಕನ್ನಡದಲ್ಲಿ ಟೈಪ್ ಮಾಡಿ ಇಟ್ಟುಕೊಂಡವರಿಗೆ ಸಾಲದು. ನಿವೃತ್ತರಾದ ಪರಿಚಯದ ಮೇಷ್ಟ್ರೊಬ್ಬರು ಹೊಸ ಲ್ಯಾಪ್‌ಟಾಪಿನಲ್ಲಿ ತಮ್ಮ ಪ್ರಬಂಧದ ಫೈಲ್ ತೆರೆದಾಗ ಕಂಡದ್ದು ಪುಟದ ತುಂಬ ಗೀಟು, ಚುಕ್ಕೆ, ಕೊಂಬು ಹೊತ್ತ ರೋಮನ್ ಅಕ್ಷರಗಳು.

“ಎಲ್ಲಾ ಬಂದಿದೆಯಲ್ಲಾ ಸಾರ್?”

“ಬಂದಿದೆ ಕಣಪ್ಪಾ, ಓದೋಕೆ ಆಗ್ತಿಲ್ಲ.”

“ವೈರಸ್ ಇರ್ಬೇಕು ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ.”

ಪುಣ್ಯಕ್ಕೆ ಮೇಷ್ಟ್ರು ಒಪ್ಪಲಿಲ್ಲ. ಅದು ವೈರಸ್ ಅಲ್ಲ, ಅಪ್ಪಟ ಕನ್ನಡವೇ. ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ವಿಂಡೋಸಿಗೆ ಕನ್ನಡ ಬಂದದ್ದು ತುಂಗಾ ಫಾಂಟ್ ಹೊತ್ತ 2001ರ ಎಕ್ಸ್‌ಪಿಯೊಂದಿಗೆ, ಅಲ್ಲಿಯೂ ಅದನ್ನು ಸಿಡಿ ಹಾಕಿ ಬೇರೆಯಾಗಿ ಅನುಸ್ಥಾಪಿಸಿಕೊಳ್ಳಬೇಕಿತ್ತು. ಅಷ್ಟು ದಿನ ಕನ್ನಡಿಗರು ಸುಮ್ಮನೆ ಕೂರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು, ಡಿಟಿಪಿ ಅಂಗಡಿಗಳನ್ನು ‘ಶ್ರೀಲಿಪಿ’ ಆಳಿತು. ಇವೆಲ್ಲ ಮಾಡಿದ್ದು ಒಂದು ಜಾಣ ಕೆಲಸ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಒಂದರಲ್ಲಿ ತಲೆಕಟ್ಟು, ಒಂದರಲ್ಲಿ ಕೊಂಬು, ಇನ್ನೊಂದರಲ್ಲಿ ಒತ್ತಕ್ಷರ.

ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಫೈಲಿನೊಳಗೆ ಕೂರುವುದು ಏಳು ಗುರುತುಗಳು. ಕಕಾರಕ್ಕೆ ಇಂಗ್ಲಿಷಿನ ದೊಡ್ಡ ಪಿ, ನಕಾರಕ್ಕೆ ಬ್ರಿಟನ್ನಿನ ಪೌಂಡ್ ಚಿಹ್ನೆ, ನಕಾರದ ಒತ್ತಿಗೆ ಜರ್ಮನ್ ಲಿಪಿಯ ಒಂದಕ್ಷರ, ಡಕಾರಕ್ಕೆ ಸಣ್ಣ ಕ್ಯೂ. ಮೂರು ತಲೆಕಟ್ಟಿಗೆ ಮೂರು ಸಲ, ನೆತ್ತಿಯ ಮೇಲೆ ಗೀಟು ಹೊತ್ತ ಎ. ಅಂದರೆ ಫೈಲಿನಲ್ಲಿ ಕನ್ನಡವೆಂಬುದೇ ಇಲ್ಲ, ಇದ್ದದ್ದೆಲ್ಲ ಫಾಂಟಿನಲ್ಲಿ. ಹುಡುಗ ಫೈಲನ್ನು ಹೊತ್ತು ತಂದ, ಫಾಂಟನ್ನು ಹಳೆಯ ಸಿ ಡ್ರೈವಿನಲ್ಲೇ ಬಿಟ್ಟುಬಂದ.

ಆದ್ದರಿಂದ ನನ್ನ ಕ್ರಮದಲ್ಲಿ ಮೊದಲು ಹೊರಡಬೇಕಾದದ್ದು ಹಳೆಯ ಯಂತ್ರದ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರು. ಅದರಲ್ಲಿ ನುಡಿ, ಬಿಆರ್‌ಎಚ್ (ಬರಹದ ಫಾಂಟುಗಳು), ಶ್ರೀ ಎಂದು ಶುರುವಾಗುವ ಹೆಸರುಗಳನ್ನೆಲ್ಲ ಎತ್ತಿಕೊಳ್ಳಿ. ಹೊಸದರಲ್ಲಿ ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ, ಅರ್ಧದಷ್ಟು ಗೋಳು ಆ ಗಳಿಗೆಯಲ್ಲೇ ಮುಗಿಯುತ್ತದೆ. ವರ್ಡ್ ಫೈಲು ತನಗೆ ಬೇಕಾದ ಫಾಂಟಿನ ಹೆಸರನ್ನು ಒಳಗೇ ಬರೆದಿಟ್ಟುಕೊಂಡಿರುತ್ತದೆ, ಆ ಹೆಸರಿನವ ಸಿಕ್ಕಿದ ಕೂಡಲೇ ಅಕ್ಷರ ಮೂಡುತ್ತದೆ. ಬರೀ ನೋಟ್‌ಪ್ಯಾಡಿನಲ್ಲಿ ಉಳಿಸಿದ್ದಕ್ಕೆ ಈ ಭಾಗ್ಯವಿಲ್ಲ, ಅಲ್ಲಿ ಫಾಂಟನ್ನು ನಾವೇ ಆರಿಸಿ ಕೊಡಬೇಕು.

ಸಾಗಿಸುವ ಕೆಲಸದ ಬಗ್ಗೆ ಹೆಚ್ಚು ಹೇಳಲಾರೆ. ಪೆನ್‌ಡ್ರೈವಿಗಿಂತ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ವಾಸಿ. ಹಳೆಯ ಯಂತ್ರ ಏಳುವುದೇ ಇಲ್ಲವೆಂದರೆ ಅದರ ಹಾರ್ಡ್‌ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಸಿನಲ್ಲಿ ಹಾಕಿ ನೋಡಿ. ಯಂತ್ರ ಸತ್ತಿತೆಂದರೆ ಡಿಸ್ಕೂ ಸತ್ತಿರಬೇಕಿಲ್ಲ. ಡ್ರೈವು ಎಫ್‌ಎಟಿ 32 ಆಗಿದ್ದರೆ 4 ಜಿಬಿ ಮೀರಿದ ಮದುವೆ ವಿಡಿಯೊ ಅದರೊಳಗೆ ಇಳಿಯುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಬೇಕು. ಸಾಗಿಸುವಾಗಲೇ ‘ಇದು ಬೇಕಾ, ಬೇಡವಾ’ ಎಂದು ಆರಿಸಲು ಕೂರಬೇಡಿ. ಜಾಗ ಅಗ್ಗವಾಗಿದೆ, ನಿಮ್ಮ ಸಂಜೆ ಅಗ್ಗವಲ್ಲ. ಒಂದು ಸೂಕ್ಷ್ಮವನ್ನು ಮಾತ್ರ ಬರೆಯುವವರು ಗಮನಿಸಬೇಕು. ಮಾಮೂಲಾಗಿ ಕಾಪಿ ಮಾಡಿದಾಗ ಫೈಲ್ ಹುಟ್ಟಿದ ತಾರೀಖು ಇಂದಿನದಾಗಿಬಿಡುತ್ತದೆ, ಕೊನೆಯ ಸಲ ತಿದ್ದಿದ ತಾರೀಖು ಮಾತ್ರ ಹಾಗೇ ಉಳಿಯುತ್ತದೆ. ಯಾವ ಲೇಖನ ಯಾವ ವರ್ಷದ್ದೆಂದು ನಾಳೆ ಹುಡುಕುವಾಗ ಆ ಎರಡನೆಯದನ್ನೇ ನೋಡಿ.

ಇನ್ನು ಪರಿವರ್ತನೆ. ಫಾಂಟ್ ಹಾಕಿಕೊಂಡು ಓದಬಹುದು, ನಿಜ. ಆದರೆ ಆ ಕನ್ನಡ ಹುಡುಕಿದರೆ ಸಿಗುವುದಿಲ್ಲ, ವಾಟ್ಸಾಪಿನಲ್ಲಿ ಕಳಿಸಿದರೆ ಎದುರಿನವರಿಗೆ ಮತ್ತೆ ಅದೇ ಗೀಟುಗಳು. ಮುಂದೆ ಬಳಸಬೇಕಾದದ್ದನ್ನು ಯೂನಿಕೋಡಿಗೆ ತರಲೇಬೇಕು. ಬರಹದೊಳಗೇ ಪರಿವರ್ತಕವಿದೆ. ಅರವಿಂದ ವಿ.ಕೆ. ಅವರು ಬರೆದ ಮುಕ್ತ ತಂತ್ರಾಂಶವೊಂದು ಬ್ರೌಸರಿನಲ್ಲೇ ಓಡುತ್ತದೆ. ನುಡಿ, ಬರಹಗಳ ಸಂಕೇತ ಬಹುಮಟ್ಟಿಗೆ ಒಂದೇ ಆದ್ದರಿಂದ ಎರಡಕ್ಕೂ ಅದು ನಡೆಯುತ್ತದೆ. ಶ್ರೀಲಿಪಿಯ ಜಾತಿ ಬೇರೆ, ಅದಕ್ಕೆ ಬೇರೆಯದೇ ಹುಡುಕಬೇಕು.

ಪರಿವರ್ತಕಕ್ಕೆ ಹಾಕಿದೊಡನೆ ಕೆಲಸ ಆಯಿತೆಂದುಕೊಳ್ಳಬೇಡಿ. ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪಾಪ, ಪರಿವರ್ತಕಕ್ಕೆ ಅದು ಗೊತ್ತಾಗುವುದಿಲ್ಲ. ಅದರ ಕಣ್ಣಿಗೆ ದೊಡ್ಡ ಸಿ ಎಂದರೆ ಅಕಾರ, ಡಿ ಎಂದರೆ ಆಕಾರ. ರೋಮನ್ ದೊಡ್ಡಕ್ಷರದಲ್ಲಿ ಸಿಡಿ ಎಂದು ಬರೆದಿದ್ದರೆ ಅದು ‘ಅಆ’ ಆಗುತ್ತದೆ, ಎಂಎಲ್‌ಎ ಸಾಹೇಬರು ‘ಒಐಂ’ ಆಗುತ್ತಾರೆ. ಪ್ರಬಂಧದ ಅಡಿಟಿಪ್ಪಣಿಗಳಲ್ಲಿ ಇಂಗ್ಲಿಷ್ ಗ್ರಂಥಗಳ ಹೆಸರಿದ್ದರಂತೂ ಆ ಪುಟ ನೋಡಿ ನಗಬೇಕೋ ಅಳಬೇಕೋ ತಿಳಿಯದು. ಅದಕ್ಕೇ ಮೂಲ ಫೈಲನ್ನು ಮುಟ್ಟದೆ, ಪ್ರತಿ ತೆಗೆದು ಪರಿವರ್ತಿಸಿ, ಮೂಲವನ್ನು ಪಕ್ಕದಲ್ಲಿಟ್ಟು ಕರಡು ತಿದ್ದಬೇಕು. ಎಲ್ಲವನ್ನೂ ಹೀಗೆ ಮಾಡಿ ಎಂದು ನಾನು ಹೇಳುವವನಲ್ಲ. ಹಳೆಯ ಕಾಗದಪತ್ರ, ಸಂಘದ ವಾರ್ಷಿಕ ವರದಿಗಳಿಗೆ ಇಷ್ಟು ಕಣ್ಣು ಸವೆಸುವುದು ದಂಡ. ಪಿಡಿಎಫ್ ಮಾಡಿಟ್ಟರೆ ಸಾಕು. ಫಾಂಟು ಅದರೊಳಗೇ ಅಡಕವಾಗಿರುತ್ತದೆ, ಯಾವ ಯಂತ್ರದಲ್ಲಾದರೂ ಓದಬಹುದು. ಅದರಿಂದ ನಕಲು ತೆಗೆದು ಅಂಟಿಸಲು ಹೋದರೆ ಮಾತ್ರ ಪೌಂಡ್ ಚಿಹ್ನೆ ಮತ್ತೆ ಹಾಜರ್.

ಎಲ್ಲಕ್ಕಿಂತ ಕಷ್ಟದಲ್ಲಿರುವವರು ಪೇಜ್‌ಮೇಕರಿನಲ್ಲಿ ಪುಸ್ತಕ ಕಟ್ಟಿದವರು. ಅದರ ಕಡೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಇನ್‌ಡಿಸೈನ್ ಕೂಡ ಸಿಎಸ್6ರ ನಂತರ ಆ ಫೈಲುಗಳನ್ನು ತೆರೆಯುವುದನ್ನು ಬಿಟ್ಟಿತು. ಲಿಬ್ರೆಆಫೀಸಿನ ಡ್ರಾ ತೆರೆಯುತ್ತದೆ, ಆದರೆ ಪುಟದ ಅಂದ ಅಲ್ಲಲ್ಲಿ ಕೆಡುತ್ತದೆ. ಇಂಥವರು ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ, ಅದರಲ್ಲೇ ಪುಸ್ತಕವನ್ನು ಪುಟ ಬಿಡದೆ ಪಿಡಿಎಫ್ ಮಾಡಿಕೊಳ್ಳಬೇಕು. ಗುಜರಿಯವನು ತಕ್ಕಡಿ ಹಿಡಿದು ಬಾಗಿಲಿಗೆ ಬಂದು ನಿಂತಿದ್ದರೂ ಸರಿ, ಮುಂದಿನ ತಿಂಗಳು ಬಾರಪ್ಪಾ ಎಂದು ಕಳಿಸಿಬಿಡಿ.