ಸಿಸ್ಟೀನ್ ಚಾಪೆಲ್‌ನಲ್ಲಿ ಎಲ್ಲಿ ನಿಲ್ಲಬೇಕು?

ವ್ಯಾಟಿಕನ್ ಮ್ಯೂಸಿಯಂಗೆ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಗದ್ದಲವೆಂದು ಗೊಣಗಿ ಪ್ರಯೋಜನವಿಲ್ಲ, ನಾವೂ ಆ ಗದ್ದಲದ ಪಾಲುದಾರರೇ. ಟಿಕೆಟ್ ಮುಂಚೆಯೇ ಕಾದಿರಿಸಿ. ಪ್ರವೇಶ ಉಚಿತವೆಂದು ತಿಂಗಳ ಕೊನೆಯ ಭಾನುವಾರ ಹೋಗಬೇಡಿ. ಆಮೇಲೆ ಉಳಿಯುವ ಪ್ರಶ್ನೆ, ಅಷ್ಟು ಜನರ ನಡುವೆ ಎಲ್ಲಿ ನಿಂತರೆ ಚಿತ್ರ ಕಾಣುತ್ತದೆ ಎಂಬುದು.

ಒಳಹೊಕ್ಕವರೆಲ್ಲ ಬಾಣದ ಗುರುತು ಹಿಡಿದು ಸಿಸ್ಟೀನ್ ಕಡೆ ಧಾವಿಸುವಾಗ ನೀವು ಮೊದಲು ಪಿನಾಕೋಟೆಕಾಕ್ಕೆ ಹೋಗಿ. ಪ್ರವೇಶದ್ವಾರಕ್ಕೆ ಹತ್ತಿರದ ಚಿತ್ರಶಾಲೆಯಿದು. ಕ್ರಿಸ್ತನ ದೇಹವನ್ನು ಸಮಾಧಿಗೆ ಇಳಿಸುವ ಕರವಾಜ್ಜಿಯೋನ ಚಿತ್ರ ಇಲ್ಲಿದೆ. ಹೊತ್ತವರು ನಿಂತ ಕಲ್ಲುಚಪ್ಪಡಿಯ ಮೂಲೆ ಚೌಕಟ್ಟು ದಾಟಿ ನಮ್ಮ ಎದೆಗೇ ಚಾಚಿದಂತಿದೆ. ಅಲ್ಲಿಂದ ಚಾಪೆಲ್‌ಗೆ ಹೋಗುವ ದಾರಿಯಲ್ಲಿ, 120 ಮೀಟರ್ ಉದ್ದದ ಭೂಪಟಗಳ ಪಡಸಾಲೆಯಲ್ಲಿ ಎಲ್ಲರ ಕಣ್ಣೂ ಹೊಳೆಯುವ ಚಾವಣಿಯ ಮೇಲೆ. ನೀವು ಗೋಡೆ ನೋಡುತ್ತ ನಡೆಯಿರಿ.

ಇನ್ನು ಚಾಪೆಲ್. ಸಂದರ್ಶಕರನ್ನು ಒಳಬಿಡುವುದು ಬಲಿಪೀಠದ ಗೋಡೆಯಲ್ಲಿರುವ ಸಣ್ಣ ಬಾಗಿಲಿನಿಂದ. ಹಾಗಾಗಿ ಆ ಗೋಡೆ ತುಂಬ ಇರುವ 'ಅಂತಿಮ ತೀರ್ಪು' ಬೆನ್ನ ಹಿಂದೆಯೇ ಉಳಿಯುತ್ತದೆ. ಜನ ಒಳಬಂದವರೇ ನಡುವೆ ನಿಂತು ಚಾವಣಿಯಲ್ಲಿ ಆದಾಮನ ಬೆರಳು ಹುಡುಕುತ್ತಾರೆ. ನಿಲ್ಲಬೇಡಿ. ಅಮೃತಶಿಲೆಯ ಅಡ್ಡತಡೆ ದಾಟಿ ಇನ್ನೊಂದು ತುದಿಯವರೆಗೂ ಹೋಗಿ, ಅಲ್ಲಿ ಹಿಂತಿರುಗಿ ನೋಡಿ.

ಮೈಕೆಲ್‌ಏಂಜೆಲೊ 1508ರಲ್ಲಿ ಹಸಿ ಗಾರೆಯ ಮೇಲೆ ಬಣ್ಣ ಹಚ್ಚತೊಡಗಿದ್ದು ಈ ತುದಿಯಿಂದಲೇ. ತಲೆಯ ಮೇಲೆ ನೋಹನ ಕಥೆ. ಜಲಪ್ರಳಯದ ಚಿತ್ರದಲ್ಲಿ ಹತ್ತಾರು ಪುಟ್ಟ ಆಕೃತಿಗಳು ಕಿಕ್ಕಿರಿದಿವೆ. ಇಪ್ಪತ್ತು ಮೀಟರ್ ಕೆಳಗಿನ ನೆಲದಿಂದ ಯಾರು ಯಾರೆಂದು ತಿಳಿಯುವುದೇ ಕಷ್ಟ. ಅರ್ಧ ಕೆಲಸವಾಗಿ ಸಾರುವೆ ಬಿಚ್ಚಿದಾಗ ಅವನಿಗೂ ಅದು ಕಂಡಿರಬೇಕು. ಮುಂದಿನ ಅರ್ಧದಲ್ಲಿ ಜನ ಕಡಿಮೆ, ಆಕೃತಿ ದೊಡ್ಡದು. ಆದಾಮನ ಸೃಷ್ಟಿಯಲ್ಲಿ ಎರಡು ಮೈಗಳೇ ಇಡೀ ಚಿತ್ರವನ್ನು ಹೊತ್ತು ನಿಲ್ಲುತ್ತವೆ. ಬೈಬಲ್ಲಿನ ಕ್ರಮದಲ್ಲಿ ಕಥೆ ಶುರುವಾಗುವುದು ಬಲಿಪೀಠದ ಕಡೆಯಿಂದ. ಆದರೆ ನೀವು ನೋಡುತ್ತ ನಡೆಯುವುದು ಕಲಾವಿದನ ನಾಲ್ಕು ವರ್ಷಗಳ ಹಾದಿಯಲ್ಲಿ. ಒಂದೊಂದು ಚೌಕಕ್ಕೂ ಅವನ ಧೈರ್ಯ ಹೆಚ್ಚುವುದನ್ನು ಹೀಗೆ ಕಣ್ಣಾರೆ ಕಾಣಬಹುದಾದ ಜಾಗ ನನಗೆ ಬೇರೆ ಗೊತ್ತಿಲ್ಲ.

ಪಕ್ಕದ ಪ್ರವಾದಿಗಳನ್ನೂ ಇದೇ ಕ್ರಮದಲ್ಲಿ ನೋಡಿ. ಈ ತುದಿಯ ಜಕರೀಯ ತನ್ನ ಪೀಠದಲ್ಲಿ ಆರಾಮಾಗಿ ಕೂತು ಪುಸ್ತಕ ನೋಡುತ್ತಿದ್ದಾನೆ. ಬಲಿಪೀಠದ ಮೇಲಿನ ಯೋನನಿಗೆ ಪೀಠವೇ ಸಾಲದು. ಅಲ್ಲಿ ಚಾವಣಿ ನಮ್ಮ ಕಡೆ ಬಾಗಿ ಇಳಿಯುತ್ತದೆ, ಯೋನನ ಮೈ ಮಾತ್ರ ಹಿಂದಕ್ಕೆ ವಾಲಿದೆ! ಇದನ್ನೆಲ್ಲ ಮೈಕೆಲ್‌ಏಂಜೆಲೊ ಮಲಗಿ ಬಿಡಿಸಲಿಲ್ಲ, ನಿಂತು, ಕತ್ತು ಹಿಂದಕ್ಕೆ ಚಾಚಿ ಬಿಡಿಸಿದ. ಆ ಭಂಗಿಯಲ್ಲಿ ತನ್ನದೇ ರೇಖಾಚಿತ್ರವನ್ನೂ ಬರೆದಿಟ್ಟಿದ್ದಾನೆ.

ನಿಮ್ಮ ಕತ್ತೂ ನೋಯುತ್ತದೆ. ಗೋಡೆಯುದ್ದಕ್ಕೂ ಬೆಂಚುಗಳಿವೆ, ತೆರವಾದ ಕೂಡಲೇ ಕೂತುಬಿಡಿ. ಕೂತಾಗ ಎದುರಿಗಿರುವುದು 1481–82ರ ಗೋಡೆಚಿತ್ರಗಳು, ಬೊಟ್ಟಿಚೆಲ್ಲಿ, ಗಿರ್ಲಾಂಡಾಯೊ, ಪೆರುಜಿನೊ ಅವರ ಕೆಲಸ. ಪೀಟರನಿಗೆ ಕ್ರಿಸ್ತ ಬೀಗದ ಕೈ ಕೊಡುವ ಪೆರುಜಿನೊನ ಚಿತ್ರವನ್ನು ಹುಡುಕಿ. ಅದರ ಹಿನ್ನೆಲೆಯ ವಿಶಾಲ ಚೌಕದಲ್ಲಿ ಗಾಳಿ ಬೆಳಕು ಎಷ್ಟಿದೆಯೆಂದರೆ, ಅದೊಂದೇ ಬೇರೆ ಊರಿನಲ್ಲಿದ್ದಿದ್ದರೆ ಅದನ್ನು ನೋಡಲೆಂದೇ ರೈಲು ಹತ್ತಿ ಹೋಗುತ್ತಿದ್ದೆ.