ಕಲ್ಲಿಗೆ ಏರದೆ ಉಳಿದ ಒಂದು ‘ಇಫ್’

ಪಾಠದೋಷ ಅಂದ ಕೂಡಲೇ ನಮಗೆ ನೆನಪಾಗೋದು ಸವೆದ ಹಳೆಯ ಶಾಸನಗಳು. ಹೊಸ ಕಲ್ಲೂ ಇದಕ್ಕೆ ಹೊರತಲ್ಲ. ವಾಷಿಂಗ್ಟನ್‌ನಲ್ಲಿ 2011ರಲ್ಲಿ ತೆರೆದ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕವನ್ನೇ ನೋಡಿ.

30 ಅಡಿ ಎತ್ತರದ ಆ ಶಿಲ್ಪದ ಒಂದು ಬದಿಯಲ್ಲಿ ಹೀಗೆ ಕೆತ್ತಿದ್ದರು: ‘ಐ ವಾಸ್ ಎ ಡ್ರಮ್ ಮೇಜರ್ ಫಾರ್ ಜಸ್ಟಿಸ್, ಪೀಸ್ ಅಂಡ್ ರೈಚಸ್‌ನೆಸ್.’ ಡ್ರಮ್ ಮೇಜರ್ ಅಂದರೆ ಬ್ಯಾಂಡಿನ ಮುಂದೆ ಕೋಲು ಬೀಸುತ್ತಾ ಹೋಗುವವನು. ನ್ಯಾಯ, ಶಾಂತಿ, ಸನ್ಮಾರ್ಗಗಳ ಮೆರವಣಿಗೆಗೆ ನಾನೇ ಮುಂದಾಳಾಗಿದ್ದೆ ಅನ್ನೋ ಧಾಟಿ.

ಕಿಂಗ್ ಹೇಳಿದ್ದು ಇದಲ್ಲ. 1968ರ ಫೆಬ್ರುವರಿ 4ರಂದು, ಅಂದರೆ ಕೊಲೆಯಾಗುವುದಕ್ಕೆ ಸರಿಯಾಗಿ ಎರಡು ತಿಂಗಳು ಮೊದಲು, ಅಟ್ಲಾಂಟಾದ ಚರ್ಚಿನಲ್ಲಿ ಅವರು ಮಾಡಿದ ಪ್ರವಚನದ ವಿಷಯವೇ ಎಲ್ಲರಿಗಿಂತ ಮುಂದೆ ನಿಲ್ಲಬೇಕೆಂಬ ಮನುಷ್ಯನ ಚಪಲ. ಕೊನೆಗೆ ತಮ್ಮ ಅಂತ್ಯಕ್ರಿಯೆಯನ್ನೇ ಕಲ್ಪಿಸಿಕೊಂಡು, ನನ್ನನ್ನು ಡ್ರಮ್ ಮೇಜರ್ ಅನ್ನಲೇಬೇಕು ಅಂತಿದ್ದರೆ ನ್ಯಾಯದ ಡ್ರಮ್ ಮೇಜರ್ ಅನ್ನಿ, ಎಂಬ ಅರ್ಥದ ಮಾತು ಆಡಿದರು.

ಎರಡರ ನಡುವೆ ಬಿದ್ದುಹೋಗಿದ್ದು ‘ಇಫ್’ ಮತ್ತು ‘ಸೇ’. ‘ಇಫ್’ ಹೋದದ್ದೇ ಸಂಕೋಚ ಹೋಯಿತು. ‘ಸೇ’ ಹೋದದ್ದೇ ಹೇಳುವವರು ಬದಲಾದರು. ‘ವಾಸ್’ ಮಾತ್ರ ಉಳಿಯಿತು. ಮೂಲದಲ್ಲಿ ಅದು ಸತ್ತವನ ಬಗ್ಗೆ ಉಳಿದವರು ಆಡುವ ಭೂತಕಾಲ, ಕಲ್ಲಿನಲ್ಲಿ ತನ್ನನ್ನೇ ಹೊಗಳಿಕೊಳ್ಳುವ ಭೂತಕಾಲ. ಇದ್ದ ಪದಗಳೆಲ್ಲ ಅವರವೇ, ಅರ್ಥ ಮಾತ್ರ ಅವರದಲ್ಲ.

ಐಹೊಳೆಯಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡ. ಆ ಜಂಬ ಅವನದ್ದೇ, ಹೊಣೆಯೂ ಅವನದ್ದೇ. ಕಿಂಗ್ ಅವರಿಗೆ ಜಂಬವನ್ನು ಬೇರೆಯವರು ಕಟ್ಟಿದರು. ಕವಯಿತ್ರಿ ಮಾಯಾ ಆ್ಯಂಜೆಲೊ ಸಿಟ್ಟಾಗಿ, ಇದು ಅವರನ್ನು ಅಹಂಕಾರಿಯಂತೆ ತೋರಿಸುತ್ತದೆ ಎಂದದ್ದು ಅದಕ್ಕೇ.

2013ರಲ್ಲಿ ಬರಹವನ್ನು ಅಳಿಸಿದರು. ಮೂಲ ಮಾತನ್ನು ಪೂರ್ತಿ ಕೆತ್ತಲಿಲ್ಲ. ಕಲ್ಲಿನಲ್ಲಿ ಮೊದಲೇ ಇದ್ದ ಅಡ್ಡಗೀರುಗಳಿಗೆ ಹೊಂದುವಂತೆ ಅಕ್ಷರಗಳ ಮೇಲೂ ಗೀರು ಹೊಡೆದರು. ತಪ್ಪು ಹೋಯಿತು, ಸರಿಯಾದದ್ದು ಬರಲಿಲ್ಲ. ನನ್ನ ಮಟ್ಟಿಗೆ ಇದು ಅರ್ಧ ತಿದ್ದುಪಡಿ.

ನಾವು ಪಾಠ ಓದುವಾಗ ಹೋದ ಅಕ್ಷರದ ಜಾಗದಲ್ಲಿ ಚುಕ್ಕೆ ಇಡುತ್ತೇವೆ, ಊಹೆಯನ್ನು ಕಂಸದಲ್ಲಿ ಹಾಕುತ್ತೇವೆ. ಆ ಚುಕ್ಕೆ ಬರೀ ಶಿಸ್ತಲ್ಲ, ಇಲ್ಲೇನೋ ಇತ್ತು ಅನ್ನೋ ಸಾಕ್ಷಿ. ಮುಂದಿನ ಸಲ ಊರ ವೀರಗಲ್ಲಿನ ಮುಂದೆ ನಿಲ್ಲಿಸೋ ಫಲಕಕ್ಕೆ ಎರಡು ಸಾಲಿನ ಸಾರಾಂಶ ಬರೆಯುವಾಗ, ಏನು ಬಿಡುತ್ತಿದ್ದೇವೆ ಅಂತ ಒಮ್ಮೆ ನೋಡಿಕೊಳ್ಳೋಣ.